ಇನೆಸ್ ಕಲಿತ ಭೂತಕಾಲ

ಕ್ಯಾನಿಂಗ್ ವೇಲ್, ಪರ್ತ್
9 ಫೆಬ್ರವರಿ 2014

ಪ್ರೀತಿಯ ಮೈಥಿಲಿ,

ಈ ಅಕ್ಷರ ನೋಡಿ ಗುರುತು ಹಿಡಿದೆಯೋ ಇಲ್ಲವೋ. ಮೈಸೂರಿನಲ್ಲಿ ಏಳನೇ ತರಗತಿಗೆ ಕನ್ನಡ ಕಲಿಸಿದ ಕ್ಲೋಟಿಲ್ಡಾ ಟೀಚರ್ ನಾನು. ನಿವೃತ್ತಿಯಾದ ಮೇಲೆ ನಿನ್ನ ಗ್ರೆಗರಿ ಅಂಕಲ್ ಜೊತೆ ಇಲ್ಲಿ ಮಗನ ಮನೆಗೆ ಬಂದು ಮೂರು ವರ್ಷವಾಯಿತು. ಕನ್ನಡ ಸಂಘದ ಸ್ಮರಣ ಸಂಚಿಕೆಯಲ್ಲಿ ನಿನ್ನ ಫೋಟೊ ನೋಡಿದೆ. ಪುಟ್ಟ ಮಕ್ಕಳು ಸ್ಪ್ಯಾನಿಶ್ ಕ್ರಿಯಾಪದಗಳನ್ನು ಹೇಗೆ ಕಲಿಯುತ್ತಾರೆ ಎಂದು ಬ್ರಿಸ್ಬೇನಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದೀಯಂತೆ. ಆ ಸಾಲನ್ನು ಎರಡು ಸಲ ಓದಿದೆ. ಸಂಘದ ಲಿಂಗರಾಜ ಅವರು ವಿಳಾಸ ಹುಡುಕಿಕೊಟ್ಟರು. ನನಗೆ ಕನ್ನಡ ಟೈಪ್ ಮಾಡಲು ಬಾರದು, ಇಂಗ್ಲಿಷಿನಲ್ಲಿ ಈ ವಿಷಯ ಬರೆಯಲು ಮನಸ್ಸಿಲ್ಲ. ಅದಕ್ಕೇ ಅಂಚೆ.

ನನ್ನ ಸೊಸೆ ಪಲೋಮಾ ಚಿಲಿ ದೇಶದವರ ಮಗಳು, ಬೆಳೆದದ್ದು ಅಡಿಲೇಡಿನಲ್ಲಿ. ಗಣಿ ಕಂಪನಿಯಲ್ಲಿ ಭೂವಿಜ್ಞಾನಿಯಾಗಿದ್ದಳು. ಎರಡು ವಾರ ಉತ್ತರದ ಗಣಿಯಲ್ಲಿ, ಒಂದು ವಾರ ಮನೆಯಲ್ಲಿ. ಹೋದ ಅಕ್ಟೋಬರಿನಲ್ಲಿ ತಲೆಯೊಳಗೆ ರಕ್ತನಾಳ ಒಡೆದು ಎರಡೇ ದಿನದಲ್ಲಿ ತೀರಿಕೊಂಡಳು. ಮೂವತ್ತನಾಲ್ಕು ವರ್ಷ.

ಮಗಳು ಇನೆಸ್ ಜೊತೆ ಅವಳು ಸ್ಪ್ಯಾನಿಶ್ ಬಿಟ್ಟು ಬೇರೆ ಮಾತು ಆಡಿದವಳಲ್ಲ. ಮಗುವಿಗೆ ಈಗ ಮೂರು ವರ್ಷ ಎರಡು ತಿಂಗಳು. ನನ್ನ ಮಗ ಎಲ್ರೊಯ್‌ಗೆ ಆ ಭಾಷೆ ಬಾರದು. "ಮಾಯ್, ಇನ್ಮೇಲೆ ಮನೇಲಿ ಇಂಗ್ಲಿಷ್ ಸಾಕು. ಚೈಲ್ಡ್‌ಕೇರ್‌ನವ್ರೂ ಅದನ್ನೇ ಹೇಳ್ತಾರೆ" ಅಂದ. ಮಗು ಗೊಂಬೆಗಳ ಜೊತೆ ಮಾತ್ರ ಸ್ಪ್ಯಾನಿಶ್ ಆಡುತ್ತದೆ. ಅದೂ ದಿನದಿಂದ ದಿನಕ್ಕೆ ಕಡಿಮೆ. ತಾಯಿ ಮಗುವಿಗೆ ಕೊಟ್ಟುಹೋದದ್ದು ಅದೊಂದೇ, ಮೈಥಿಲಿ. ಅದನ್ನು ನಾನು ಹೋಗಗೊಡುವುದಿಲ್ಲ.

ಫ್ರೀಮ್ಯಾಂಟಲ್ ಮಾರ್ಕೆಟ್ಟಿನಲ್ಲಿ ಒಂದು ಹಳೆಯ ಸ್ಪ್ಯಾನಿಶ್ ವ್ಯಾಕರಣ ಸಿಕ್ಕಿತು. ಅರವತ್ತಮೂರನೇ ವಯಸ್ಸಿನಲ್ಲಿ ದಿನಕ್ಕೆ ಎರಡು ಪುಟ ಕಾಪಿ ಬರೆಯುತ್ತಿದ್ದೇನೆ. ನಾವು 'ಬಂದೆ' ಅಂದರೆ ಸಾಕು, 'ನಾನು' ಬೇಕಿಲ್ಲ, ಅಲ್ಲವೇ? ಅಲ್ಲೂ ಹಾಗೆಯೇ. 'ಕೊಮೊ' ಅಂದರೆ ತಿನ್ನುತ್ತೇನೆ, 'ಕೊಮೆಸ್' ಅಂದರೆ ತಿನ್ನುತ್ತೀಯ. ಆಳು ಯಾರೆಂಬುದು ಕ್ರಿಯಾಪದದ ಬಾಲದಲ್ಲೇ ಇದೆ. ಇದು ನನ್ನ ಕೈಗೆ ಸಿಕ್ಕುವ ಭಾಷೆ ಅನ್ನಿಸಿತು.

ಹೇಗೆ ಕಲಿಸಲಿ, ಬರೆ.

ನಿನ್ನ ಟೀಚರ್,
ಕ್ಲೋಟಿಲ್ಡಾ


ವೆಸ್ಟ್ ಎಂಡ್, ಬ್ರಿಸ್ಬೇನ್
21 ಫೆಬ್ರವರಿ 2014

ಪ್ರೀತಿಯ ಟೀಚರ್,

ಲಕೋಟೆ ಮೇಲಿನ 'ಮೈ' ನೋಡಿಯೇ ಗೊತ್ತಾಯಿತು. ಅಷ್ಟು ದುಂಡಗೆ ಇನ್ನಾರೂ ಬರೆಯುವುದಿಲ್ಲ. ಒಳಗಿನದನ್ನು ಓದಿದ ನಾಲ್ಕು ದಿನಕ್ಕೆ ಇದನ್ನು ಬರೆಯುತ್ತಿದ್ದೇನೆ.

ಮಕ್ಕಳು ಪಟ್ಟಿ ಬಾಯಿಪಾಠ ಮಾಡಿ ಕಲಿಯುವುದಿಲ್ಲ, ಕೇಳಿ ಕೇಳಿ ಕಲಿಯುತ್ತಾರೆ. ಉಚ್ಚಾರ ಹೇಗೇ ಇರಲಿ, ಅವಳ ಜೊತೆ ಆಡಿ, ಚಿತ್ರದ ಪುಸ್ತಕ ಓದಿ. ಪಲೋಮಾ ಅವರ ತಾಯಿ ಅಡಿಲೇಡಿನಲ್ಲಿದ್ದರೆ ಸ್ಕೈಪಿನಲ್ಲಿ ಮಾತಾಡಿಸಬಹುದಲ್ಲವೇ? ನೂರು ಪುಸ್ತಕಕ್ಕಿಂತ ಅದು ಮೇಲು.

ಒಂದು ಸ್ವಾರ್ಥದ ಮಾತೂ ಇದೆ. ನನ್ನ ಅಧ್ಯಯನಕ್ಕೆ ನಾಲ್ಕು ಮಕ್ಕಳು ಬೇಕು. ಒಂದು ಕುಟುಂಬ ಊರು ಬಿಟ್ಟುಹೋಯಿತು, ಮೂರೇ ಉಳಿದಿದ್ದಾರೆ. ವಾರಕ್ಕೆ ಅರ್ಧ ಗಂಟೆ ಇನೆಸ್ ಮಾತು ರೆಕಾರ್ಡ್ ಮಾಡಿ ಕಳಿಸುತ್ತೀರಾ? ಪುಟ್ಟ ರೆಕಾರ್ಡರ್ ಇಟ್ಟಿದ್ದೇನೆ. ಜೊತೆಗಿರುವ ಒಪ್ಪಿಗೆ ಪತ್ರಕ್ಕೆ ಮಗುವಿನ ತಂದೆಯೇ ಸಹಿ ಹಾಕಬೇಕು. ವಿಶ್ವವಿದ್ಯಾಲಯದವರು ಇದರಲ್ಲಿ ಬಹಳ ಕಟ್ಟುನಿಟ್ಟು.

ನಿಮ್ಮ ವಿದ್ಯಾರ್ಥಿನಿ,
ಮೈಥಿಲಿ


ಕ್ಯಾನಿಂಗ್ ವೇಲ್
23 ಮಾರ್ಚ್ 2014

ಪ್ರೀತಿಯ ಮೈಥಿಲಿ,

ಸಹಿಯಾದ ಪತ್ರ ಇಟ್ಟಿದ್ದೇನೆ. ಎಲ್ರೊಯ್ ಒಪ್ಪಿದ್ದಾನೆ. ನಾಲ್ಕು ರೆಕಾರ್ಡಿಂಗ್ ಜೊತೆಗಿಟ್ಟ ಮೆಮೊರಿ ಕಾರ್ಡಿನಲ್ಲಿವೆ.

ಕೆಲಸ ಚೆನ್ನಾಗಿ ಸಾಗಿದೆ. ಎಲ್ರೊಯ್ ಕೆಲಸಕ್ಕೆ ಹೋದ ಮೇಲೆ, ಹತ್ತರಿಂದ ಹನ್ನೊಂದು, ನಮ್ಮ ಸ್ಪ್ಯಾನಿಶ್ ತರಗತಿ. ಗೊಂಬೆ ಬೆಕ್ಕನ್ನು ಬಚ್ಚಿಟ್ಟು ಬೆಕ್ಕೆಲ್ಲಿ ಎಂದು ಕೇಳಿದರೆ "ನೊ ಸಾಬೊ" ಅನ್ನುತ್ತಾಳೆ, ಗೊತ್ತಿಲ್ಲ ಅಂತ. ಪುಸ್ತಕದ ಪ್ರಕಾರ ಅದು "ನೊ ಸೆ". ಮೂರು ಸಲ ಹೇಳಿಸಿದೆ. ಕಪ್ ಒಡೆದಾಗ "ರೊಂಪಿದೊ" ಅಂದಳು. "ರೊತೊ" ಎಂದು ತಿದ್ದಿದೆ. ಒಂದನ್ನೂ ಬಿಡುವುದಿಲ್ಲ. ಮೊದಲ ವಾರ ಹನ್ನೊಂದು ತಪ್ಪಿದ್ದದ್ದು ಈಗ ಎರಡಕ್ಕೆ ಇಳಿದಿದೆ. ನಿನ್ನ ಗ್ರೆಗರಿ ಅಂಕಲ್ "ಪಾಪ, ಮಗೂನ ಬಿಡು, ಕ್ಲೋಟಿ" ಅನ್ನುತ್ತಾರೆ. ಅವರಿಗೇನು ಗೊತ್ತು, ಬಹರೈನಿನಲ್ಲಿ ಇಪ್ಪತ್ತು ವರ್ಷ ಇದ್ದು ಹತ್ತು ಅರಬ್ಬಿ ಶಬ್ದ ಕಲಿಯಲಿಲ್ಲ.

ಅಡಿಲೇಡಿನ ಅಜ್ಜಿಯ ವಿಷಯ ನೀನು ಕೇಳಿದ್ದೆ. ಅದು ಈಗ ಬೇಡ.

ಕ್ಲೋಟಿಲ್ಡಾ ಟೀಚರ್


ಬ್ರಿಸ್ಬೇನ್
2 ಏಪ್ರಿಲ್ 2014

ಪ್ರೀತಿಯ ಟೀಚರ್,

ನಿಮಗೆ ಹೀಗೆ ಬರೆಯುವುದಕ್ಕೆ ಕ್ಷಮಿಸಿ. ತಪ್ಪು ಇಳಿದಿಲ್ಲ, ಟೀಚರ್, ಮಾತು ಇಳಿದಿದೆ. ಮೊದಲ ಅರ್ಧ ಗಂಟೆಯಲ್ಲಿ ಇನೆಸ್ ಸ್ಪ್ಯಾನಿಶಿನ ನೂರ ನಲವತ್ತಮೂರು ಕ್ರಿಯಾಪದ ಬಳಸಿದ್ದಾಳೆ. ನಾಲ್ಕನೆಯದರಲ್ಲಿ ಒಂಬತ್ತು. ಉಳಿದದ್ದೆಲ್ಲ ನಿಮ್ಮದೇ ಧ್ವನಿ.

'ಸಾಬೊ' ತಪ್ಪಲ್ಲ, ಸಾಧನೆ. 'ತಿನ್ನು' ಎಂಬ ಕೊಮೆರ್‌ಗೆ ಕೊಮೊ, 'ಓಡು' ಎಂಬ ಕೊರ್ರೆರ್‌ಗೆ ಕೊರ್ರೊ. ಹಾಗಾದರೆ ಸಾಬೆರ್‌ಗೆ ಸಾಬೊ ಆಗಲೇಬೇಕು ಎಂದು ಅವಳ ಲೆಕ್ಕ. ನಮ್ಮ ಮಕ್ಕಳು ಮಾಡು–ಮಾಡಿದೆ, ಆಡು–ಆಡಿದೆ ಎಂದು ಕಲಿತು, 'ನಾನು ಅವನಿಗೆ ಚಾಕ್ಲೇಟ್ ಕೊಡಿದೆ' ಅನ್ನುವುದಿಲ್ಲವೇ? 'ಸಾಬೊ' ಎಂದು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ನಿಯಮವನ್ನು ತಾನೇ ಕಂಡುಹಿಡಿದು, ಆ ನಿಯಮದಿಂದ ತಾನೇ ಕಟ್ಟಿದ ಶಬ್ದ ಅದು. ಸರಿಯಾದದ್ದನ್ನು ಸಾಕಷ್ಟು ಸಲ ಕೇಳಿದರೆ ಅವಳೇ ಬದಲಿಸಿಕೊಳ್ಳುತ್ತಾಳೆ.

ದಯವಿಟ್ಟು ತಿದ್ದುವುದನ್ನು ನಿಲ್ಲಿಸಿ.

ಮೈಥಿಲಿ


ಕ್ಯಾನಿಂಗ್ ವೇಲ್
13 ಏಪ್ರಿಲ್ 2014

ಮೈಥಿಲಿ,

ಮೂವತ್ತೊಂದು ವರ್ಷ ಕೆಂಪು ಶಾಯಿಯಲ್ಲಿ ತಿದ್ದಿದ ಕೈ ಇದು. ನಿನ್ನ ಕಾಗದ ಓದಿ ಎರಡು ದಿನ ಸಿಟ್ಟಿತ್ತು. ಮೂರನೇ ದಿನ ಆ ನಾಲ್ಕನೇ ರೆಕಾರ್ಡಿಂಗನ್ನು ಕೂತು ಕೇಳಿದೆ. ಮಗು ಒಂದು ಶಬ್ದ ಹೇಳುವ ಮೊದಲು ನನ್ನ ಮುಖ ನೋಡಿ ನಿಲ್ಲುತ್ತಿತ್ತು. ಆ ನಿಲ್ಲುವಿಕೆ ಕೇಳಿಸಿತು.

ನಿಲ್ಲಿಸಿದ್ದೇನೆ. ನಿನ್ನೆ "ಸೆ ಆ ರೊಂಪಿದೊ" ಎಂದು ಮುರಿದ ಕ್ರೇಯಾನ್ ತಂದು ತೋರಿಸಿದಳು. ನಾಲಿಗೆ ಕಚ್ಚಿಕೊಂಡು "ಹೌದಾ, ತೋರಿಸು" ಅಂದೆ.

ಕ್ಲೋಟಿಲ್ಡಾ


ಬ್ರಿಸ್ಬೇನ್
5 ಮೇ 2014

ಪ್ರೀತಿಯ ಟೀಚರ್,

ಹೊಸ ರೆಕಾರ್ಡಿಂಗ್‌ಗಳು ಬಂದವು. ಇನೆಸ್ ಮತ್ತೆ ಹರಟುತ್ತಿದ್ದಾಳೆ! ಮೂರು ದಿನ ಹೆಡ್‌ಫೋನ್ ತೆಗೆಯಲಿಲ್ಲ.

ಒಂದು ಕೊರತೆ ಕಂಡಿತು. 'ಬಿದ್ದಿತು', 'ತಿಂದೆ' ಎಂಬಂಥ ಮುಗಿದ ಕೆಲಸದ ರೂಪಗಳು ಧಾರಾಳವಾಗಿವೆ. ಆದರೆ 'ಆಡುತ್ತಿದ್ದೆ', 'ಹಾಡುತ್ತಿದ್ದಳು' ಎಂಬಂಥ ರೂಪ, ಸ್ಪ್ಯಾನಿಶಿನಲ್ಲಿ ಹೆಚ್ಚಾಗಿ 'ಆಬಾ' ಎಂದು ಮುಗಿಯುವುದು, ಒಂದೂ ಇಲ್ಲ. ನನ್ನ ಪಟ್ಟಿಯಲ್ಲಿ ಆ ಖಾನೆ ಖಾಲಿ. ತಾಯಿಯ ಬಗ್ಗೆ ಆಡುವಾಗಂತೂ ಎಲ್ಲವೂ ವರ್ತಮಾನ: ಮಮಾ ಕೆಲಸ ಮಾಡುತ್ತಾಳೆ, ಮಮಾ ಬರುತ್ತಾಳೆ. ಈ ವಯಸ್ಸಿಗೆ ಇದನ್ನು ವಿಳಂಬ ಎಂದು ಗುರುತು ಹಾಕಿದ್ದೇನೆ. ಗಾಬರಿ ಬೇಡ. ಪಲೋಮಾ ಅವರ ಫೋಟೊಗಳನ್ನು ತೋರಿಸುತ್ತಾ ಆ ರೂಪದಲ್ಲಿ ಮಾತಾಡಿ. ಹಳೆಯ ಫೋಟೊ ನೋಡುವಾಗ ಅದು ಸಹಜವಾಗಿ ಬರುತ್ತದೆ.

ಮೈಥಿಲಿ


ಕ್ಯಾನಿಂಗ್ ವೇಲ್
19 ಮೇ 2014

ಪ್ರೀತಿಯ ಮೈಥಿಲಿ,

ಇದನ್ನು ಮೊದಲ ಕಾಗದದಲ್ಲೇ ಬರೆಯಬೇಕಿತ್ತು.

ಇನೆಸ್‌ಗೆ ತಾಯಿ ತೀರಿಕೊಂಡದ್ದು ಗೊತ್ತಿಲ್ಲ. ಅಂತ್ಯಕ್ರಿಯೆಯ ದಿನ ಅವಳನ್ನು ಪಕ್ಕದ ಬಡಾವಣೆಯ ಪದ್ಮಾ ಅವರಲ್ಲಿ ಬಿಟ್ಟಿದ್ದೆವು. ವಾಪಸು ಕರೆದುಕೊಂಡು ಬರುವಾಗ ಕಾರಿನಲ್ಲಿ ಅವಳು ಅಮ್ಮ ಎಲ್ಲಿ ಎಂದು ಕೇಳಿದಳು, ಎಲ್ರೊಯ್ "ಮಮ್ಮಿ ಕೆಲಸಕ್ಕೆ ಹೋಗಿದ್ದಾಳೆ" ಅಂದ. ಪಲೋಮಾ ಎರಡೆರಡು ವಾರ ಗಣಿಗೆ ಹೋಗಿಬರುತ್ತಿದ್ದವಳಲ್ಲವೇ, ಮಗು ನಂಬಿತು. ನಾಳೆ ಹೇಳೋಣ, ಮುಂದಿನ ವಾರ ಹೇಳೋಣ ಎಂದು ಏಳು ತಿಂಗಳಾಯಿತು. ನಾನೂ ಸುಮ್ಮನಿದ್ದೆ. ಮನೆಯಲ್ಲಿ ಸ್ಪ್ಯಾನಿಶ್ ಬೇಡ ಎಂದು ಅವನು ಹೇಳಿದ್ದು ಚೈಲ್ಡ್‌ಕೇರ್‌ನವರಿಗಾಗಿ ಅಲ್ಲ. "ಮಮಾ ವಿಯೆನೆ?" ಎಂದು ಮಗು ಕೇಳುತ್ತದೆ, ಅಮ್ಮ ಬರುತ್ತಾಳಾ ಅಂತ. ಅವನಿಗೆ ಅರ್ಥವಾಗುವ ಸ್ಪ್ಯಾನಿಶ್ ಅದೊಂದೇ. ಅದನ್ನು ಕೇಳಲಾರ.

ಹೋದ ಬುಧವಾರ ನೀನು ಹೇಳಿದಂತೆ ಮಾಡಿದೆ. ಪಲೋಮಾ ಗಣಿಯ ಹೆಲ್ಮೆಟ್ ಹಾಕಿಕೊಂಡ ಫೋಟೊ ಮುಂದಿಟ್ಟು, ಪುಸ್ತಕ ನೋಡಿ ಕಟ್ಟಿಕೊಂಡ ವಾಕ್ಯ ಹೇಳಿದೆ: "ಮಮಾ ತ್ರಬಾಹಾಬಾ." ಅಮ್ಮ ಕೆಲಸ ಮಾಡುತ್ತಿದ್ದಳು. ಇನೆಸ್ ನನ್ನನ್ನೇ ನೋಡಿ ತಲೆಯಾಡಿಸಿದಳು. "ನೊ, ಶಾಮಾಯ್. ಮಮಾ ತ್ರಬಾಹಾ." ಇಲ್ಲ ಅಜ್ಜಿ, ಅಮ್ಮ ಕೆಲಸ ಮಾಡುತ್ತಾಳೆ. ನಾನು ತಪ್ಪಿದ್ದೇನೆಂದು ಮೆಲ್ಲಗೆ, ಎರಡು ಸಲ, ತಿದ್ದಿ ಹೇಳಿದಳು.

ಅವಳಿಗೆ ತಿಳಿದಿರುವ ಮಟ್ಟಿಗೆ ಅವಳ ವ್ಯಾಕರಣ ಸರಿ, ಮೈಥಿಲಿ. ಅದು ವಿಳಂಬವಲ್ಲ, ನಾವು ಹೇಳಿದ ಸುಳ್ಳು.

ಎಲ್ರೊಯ್ ಆವತ್ತು ಬೇಗ ಬಂದಿದ್ದ. ಬಾಗಿಲಲ್ಲಿ ನಿಂತವನು ಫೋಟೊ ನೋಡಿದ, ಮೇಜಿನ ಮೇಲೆ ಕೆಂಪು ದೀಪ ಉರಿಯುತ್ತಿದ್ದ ರೆಕಾರ್ಡರ್ ನೋಡಿದ.

"ಏನಿದು, ಮಾಯ್?"

ಹೇಳಿದೆ. ಒಪ್ಪಿಗೆ ಪತ್ರದ ಮೇಲೆ ಅವನ ಸಹಿ ನಾನೇ ಹಾಕಿದ್ದನ್ನೂ ಹೇಳಿದೆ. ಹೌದು, ಮೈಥಿಲಿ, ನಿನಗೂ ಸುಳ್ಳು ಬರೆದೆ.

"ನನ್ನ ಮಗಳ ಮಾತನ್ನ ನನಗೆ ಹೇಳದೆ ಯಾರಿಗೋ ಕಳಿಸ್ತಿದ್ಯಾ?" ಅಂದ. ಅವನು ಕೂಗಾಡಲಿಲ್ಲ. ರೆಕಾರ್ಡರ್ ಆರಿಸಿ ಜೇಬಿಗೆ ಹಾಕಿಕೊಂಡು ಹೋದ.

ಅಡಿಲೇಡಿನಲ್ಲಿರುವುದು ಪಲೋಮಾಳ ತಾಯಿ ಎಲ್ವಿರಾ, ಒಬ್ಬರೇ. ಅಂತ್ಯಕ್ರಿಯೆಗೆ ಬಂದಾಗ ಮಗುವನ್ನು ಕೆಲವು ತಿಂಗಳು ತಮ್ಮ ಜೊತೆ ಕಳಿಸಿ ಎಂದಿದ್ದರು. ಮಗಳನ್ನು ಕಿತ್ತುಕೊಳ್ಳಲು ಬಂದಿದ್ದಾರೆ ಎಂದು ಎಲ್ರೊಯ್‌ಗೆ ಅನ್ನಿಸಿತು. ಆಮೇಲೆ ಅವರ ಫೋನ್ ಎತ್ತಲಿಲ್ಲ. ಅವರ ನಾಲ್ಕು ಕಾಗದಗಳು ಡ್ರಾಯರಿನಲ್ಲಿ ಒಡೆಯದೆ ಬಿದ್ದಿವೆ.

ನಿನ್ನೆ ಅವನಿಗೆ ಹೇಳಿದೆ: "ಮಗೂಗೆ ನಿಜ ಗೊತ್ತಾಗ್ಬೇಕು. ಅವಳ ಮಾತು ಅರ್ಥ ಆಗೋರ ಮನೇಲಿ ಗೊತ್ತಾಗ್ಬೇಕು. ಅಡಿಲೇಡಿಗೆ ಕರ್ಕೊಂಡು ಹೋಗ್ತೀನಿ. ಈ ಸಲ ಕದ್ದು ಏನೂ ಮಾಡಲ್ಲ, ನೀನು ಹೂಂ ಅನ್ನೋವರೆಗೂ ಕೇಳ್ತಾನೇ ಇರ್ತೀನಿ."

ಅವನು ಇನ್ನೂ ಹೂಂ ಅಂದಿಲ್ಲ. ಇನ್ನು ದಿನಾ ಬೆಳಿಗ್ಗೆ ಕಾಫಿ ಕೊಡುವಾಗ ಕೇಳುತ್ತೇನೆ.

ಕ್ಲೋಟಿಲ್ಡಾ


ಬ್ರಿಸ್ಬೇನ್
26 ಮೇ 2014

ಟೀಚರ್,

ನಿಮ್ಮ ಕಾಗದ ಬಂದ ದಿನವೇ ನನ್ನ ಮಾರ್ಗದರ್ಶಕಿ ಪ್ರೊಫೆಸರ್ ಜಯಮಾಲಾ ಅವರ ಬಳಿ ಹೋಗಿ ನಡೆದದ್ದನ್ನು ಹೇಳಿದೆ. ಇನೆಸ್‌ಳ ಹನ್ನೊಂದು ರೆಕಾರ್ಡಿಂಗ್, ಬರೆದಿಟ್ಟುಕೊಂಡ ಹಾಳೆಗಳು, ಎಲ್ಲವನ್ನೂ ಅವರ ಎದುರೇ ಅಳಿಸಿದೆ. ಮತ್ತೆ ಮೂರೇ ಮಕ್ಕಳು. ನಾಲ್ಕನೆಯದನ್ನು ಹುಡುಕಬೇಕು, ಕನಿಷ್ಠ ಎಂಟು ತಿಂಗಳು ತಡ. ಹುಡುಕುತ್ತೇನೆ.

ಸಿಟ್ಟು ಬಂದದ್ದು ನಿಜ. ಬಸ್ಸಿನಲ್ಲಿ ಮನೆಗೆ ಬರುವಾಗ ಅದು ನನ್ನ ಮೇಲೆಯೇ ತಿರುಗಿತು. ತಾಯಿ ಸತ್ತ ಮಗುವಿನ ಮಾತನ್ನು ವಾರಗಟ್ಟಲೆ ಕೇಳಿದೆ. 'ಮಮಾ ಬರುತ್ತಾಳೆ' ಎಂದು ಅವಳು ಹೇಳಿದ್ದನ್ನು ಹದಿನೇಳು ಸಲ ಎಣಿಸಿ ಬರೆದುಕೊಂಡಿದ್ದೆ. ಅವಳಿಗೆ ಏನು ಹೇಳಿದ್ದೀರಿ ಎಂದು ಒಂದು ಸಾಲು ಕೇಳಲಿಲ್ಲ; ವಿಳಂಬ ಎಂದು ಬರೆದೆ.

ಎಲ್ರೊಯ್ ಅವರಿಗೆ ನಾನೇ ಪ್ರತ್ಯೇಕವಾಗಿ ಕ್ಷಮೆ ಕೇಳಿ ಬರೆದಿದ್ದೇನೆ. ಅವರು ಒಪ್ಪಿದರೆ ಹೋಗಿ ಬನ್ನಿ. ವ್ಯಾಕರಣ ಪುಸ್ತಕ ಒಯ್ಯಬೇಡಿ.

ಮೈಥಿಲಿ


ಸಾಲಿಸ್‌ಬರಿ, ಅಡಿಲೇಡ್
22 ಜೂನ್ 2014

ಪ್ರೀತಿಯ ಮೈಥಿಲಿ,

ಒಂಬತ್ತನೇ ಬೆಳಿಗ್ಗೆ ಎಲ್ರೊಯ್ ಕಾಫಿ ಲೋಟ ಕೆಳಗಿಟ್ಟು ಹೇಳಿದ: "ಮೊದಲು ನೀವು ಹೋಗಿ. ನಾನು ಎರಡು ವಾರ ಬಿಟ್ಟು ಬರ್ತೀನಿ. ಅವಳಿಗೆ ನಾನೇ ಹೇಳ್ಬೇಕು, ಬೇರೆ ಯಾರೂ ಹೇಳೋದು ಬೇಡ." ಡ್ರಾಯರಿನಿಂದ ಆ ನಾಲ್ಕು ಕಾಗದ ತೆಗೆದು ಕೆಲಸಕ್ಕೆ ಒಯ್ದ. ಅವನ ಮಾತನ್ನು ನಾನು ಫೋನಿನಲ್ಲಿ ಎಲ್ವಿರಾಗೆ ತಿಳಿಸಿದೆ. ಮಗುವಿಗೆ ಇನ್ನೂ ಹೇಳಿಲ್ಲ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಸರಿ, ಅವನೇ ಹೇಳಲಿ ಅಂದರು. ನಿನ್ನ ಅಂಕಲ್ ನಮ್ಮನ್ನು ಏರ್‌ಪೋರ್ಟಿಗೆ ಬಿಟ್ಟರು.

ಎಲ್ವಿರಾ ಮನೆಯಲ್ಲೇ ಪರದೆ ಹೊಲಿಯುತ್ತಾರೆ. ಮೆಶಿನ್ ಓಡುತ್ತಲೇ ಇರುತ್ತದೆ, ಬಾಯಿಯೂ. ಮೊದಲ ದಿನ ಇನೆಸ್ ನನ್ನ ಸೀರೆ ಹಿಂದಿನಿಂದ ಹೊರಬರಲಿಲ್ಲ. ಎರಡನೇ ದಿನ ಎಲ್ವಿರಾ ಬಿಸಿ ಬ್ರೆಡ್ ಮುರಿದು "ಕಿಯೆರೆಸ್?" ಅಂದರು, ಬೇಕಾ ಅಂತ. "ಕಿಯೆರೊ" ಎಂದು ಕೈ ಚಾಚಿದಳು. ಐದನೇ ದಿನದ ಹೊತ್ತಿಗೆ ಇಬ್ಬರನ್ನೂ ನಿಲ್ಲಿಸುವವರಿರಲಿಲ್ಲ. ಶೂ ಹಾಕಿಕೊಂಡೆ ಎನ್ನಲು ಅವಳು "ಪೊನಿದೊ" ಅಂದರೆ ಎಲ್ವಿರಾ ತಿದ್ದುವುದಿಲ್ಲ. "ಓ, ಪುವೆಸ್ತೊ!" ಎಂದು ಸರಿಯಾದ ರೂಪದಲ್ಲೇ ಹೊಗಳಿ ಮುಂದಿನ ಮಾತಿಗೆ ಹೋಗುತ್ತಾರೆ. ಮೂವತ್ತೊಂದು ವರ್ಷ ಕಲಿಸಿದ ಮೇಲೆ ಕಲಿಸುವುದನ್ನು ನೋಡಿದೆ.

ಹದಿನಾಲ್ಕನೇ ತಾರೀಕು ಎಲ್ರೊಯ್ ಬಂದ. ಬಾಗಿಲು ತೆಗೆದ ಎಲ್ವಿರಾ ಅವನ ಬ್ಯಾಗ್ ತೆಗೆದುಕೊಂಡು ಊಟಕ್ಕೆ ಕೂರಿಸಿದರು. ಊಟವಾದ ಮೇಲೆ ಅವನು ಮಗಳನ್ನು ಹಿತ್ತಲಿನ ಮೆಟ್ಟಿಲ ಮೇಲೆ ಕೂರಿಸಿಕೊಂಡ. ನಾನು ಅಡುಗೆಮನೆಯ ಕಿಟಕಿಯ ಬಳಿ ಇದ್ದೆ. ಇಂಗ್ಲಿಷಿನಲ್ಲಿ, ಚಿಕ್ಕ ಚಿಕ್ಕ ಮಾತಿನಲ್ಲಿ ಹೇಳಿದ: ಮಮ್ಮಿ ಗಣಿಯಲ್ಲಿಲ್ಲ. ಮಮ್ಮಿಗೆ ತುಂಬ ಕಾಯಿಲೆಯಾಗಿತ್ತು. ಮಮ್ಮಿ ಸತ್ತುಹೋದಳು.

ಇನೆಸ್ ಯೋಚಿಸಿ ಕೇಳಿದಳು: "ಸಾಯೋದು ಮುಗಿಸಿ ಯಾವಾಗ ಬರ್ತಾಳೆ?"

"ಬರಲ್ಲ, ಚಿನ್ನ. ಕೆಲಸಕ್ಕೆ ಹೋಗಿದ್ದಾಳೆ ಅಂತ ಹೇಳಿದ್ದು ಸುಳ್ಳು. ಪಪ್ಪ ತಪ್ಪು ಹೇಳಿದ. ಸಾರಿ."

ಅವಳು ಎದ್ದು ಒಳಗೆ ಬಂದು ಅದೇ ಪ್ರಶ್ನೆಯನ್ನು ಎಲ್ವಿರಾಗೆ ಸ್ಪ್ಯಾನಿಶಿನಲ್ಲಿ ಕೇಳಿದಳು. ಅಲ್ಲಿ ಬೇರೆ ಉತ್ತರ ಸಿಗಬಹುದು ಎಂದಿರಬೇಕು. ಎಲ್ವಿರಾ ಮೆಶಿನ್ ನಿಲ್ಲಿಸಿ, ಮಗುವನ್ನು ತೊಡೆಯ ಮೇಲೆ ಹತ್ತಿಸಿಕೊಂಡು, "ಸೆ ಮುರಿಯೊ, ಮಿ ಆಮೋರ್" ಅಂದರು. ಸತ್ತುಹೋದಳು, ನನ್ನ ಬಂಗಾರ. ತಮ್ಮ ಮಗಳ ವಿಷಯದಲ್ಲಿ ಆ ಶಬ್ದವನ್ನು ಆ ತಾಯಿ ಅಷ್ಟು ಸ್ಪಷ್ಟವಾಗಿ ಹೇಳಿದರು. ನಾನು ಪಾತ್ರೆ ತೊಳೆಯುವ ನೆಪದಲ್ಲಿ ನಲ್ಲಿ ಬಿಟ್ಟುಕೊಂಡು ನಿಂತೆ.

ಆಮೇಲಿನ ನಾಲ್ಕು ದಿನ ಕಷ್ಟದವು. ಮಗು ಎಲ್ರೊಯ್‌ನ ಶರ್ಟು ಹಿಡಿದೇ ಇತ್ತು. ಹಾಸಿಗೆ ಒದ್ದೆ ಮಾಡಿತು, ನನ್ನ ಕೈ ಕಚ್ಚಿತು. ಸ್ಪ್ಯಾನಿಶೂ ಇಲ್ಲ, ಇಂಗ್ಲಿಷೂ ಇಲ್ಲ. ನಾನು ಕರೆತಂದದ್ದೇ ತಪ್ಪಾಯಿತೇ ಎಂದು ಎಲ್ರೊಯ್‌ನನ್ನು ಕೇಳಿದೆ. "ಇಲ್ಲ ಮಾಯ್. ಈಗ ಹಿಂದೆ ಹೋಗೋ ಮಾತಿಲ್ಲ" ಅಂದ.

ಗುರುವಾರ ಬೆಳಿಗ್ಗೆ ಅವನು ಅವಳ ತಲೆ ಬಾಚುತ್ತಿದ್ದ. ಅವನಿಗೆ ಅಭ್ಯಾಸವಿಲ್ಲ, ನೆತ್ತಿಯಿಂದಲೇ ಎಳೆಯುತ್ತಿದ್ದ, ಸಿಕ್ಕು ಬಿಗಿಯಿತು. ಇನೆಸ್ ಅವನ ಕೈಯಿಂದ ಬಾಚಣಿಗೆ ಕಿತ್ತುಕೊಂಡಳು.

"ಆಸಿ ನೊ, ಪಾಪಾ. ಮಮಾ ಮೆ ಪೆಯ್ನಾಬಾ ಆಸಿ."

ತುದಿಯ ಕೂದಲನ್ನು ಮುಷ್ಟಿಯಲ್ಲಿ ಹಿಡಿದು ಕೆಳಗಿನಿಂದ ಬಾಚಿ ತೋರಿಸಿದಳು.

ಎಲ್ವಿರಾ ಒಲೆಯ ಮುಂದೆ ಹಾಗೇ ನಿಂತುಬಿಟ್ಟರು. ಎಲ್ರೊಯ್ ನನ್ನ ಕಡೆ ತಿರುಗಿದ. "ಏನಂದ್ಲು?"

"ಹಾಗಲ್ಲ, ಅಮ್ಮ ಹೀಗೆ ಬಾಚ್ತಿದ್ಳು ಅಂದ್ಲು."

"ಬಾಚ್ತಿದ್ಳು ಅಂದ್ಲಾ? ಬಾಚ್ತಾಳೆ ಅಲ್ವಾ?"

"ಬಾಚ್ತಿದ್ಳು."

ಅವನು ಬಾಚಣಿಗೆ ವಾಪಸು ತೆಗೆದುಕೊಂಡ. ಅವಳು ತೋರಿಸಿದಂತೆಯೇ, ಒಂದೊಂದೇ ಹಿಡಿ ಹಿಡಿದು, ತುದಿಯಿಂದ ಮೇಲಕ್ಕೆ ಬಾಚಿದ. ಜಡೆ ಮುಗಿಯುವವರೆಗೂ ಅವಳು ಅಲುಗಾಡದೆ ಕೂತಿದ್ದಳು. ಅವನ ಕಣ್ಣಿಂದ ನೀರು ಹರಿಯುತ್ತಿತ್ತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

ಆ ರೂಪವನ್ನು ಅವಳಿಗೆ ನಾನು ಕಲಿಸಲಿಲ್ಲ. ಎಲ್ವಿರಾರಿಂದ ಕೇಳಿದ್ದಿರಬೇಕು, ಪಲೋಮಾಳಿಂದ ಎಂದೋ ಕೇಳಿದ್ದೂ ಇರಬಹುದು. ಬೇಕಾದಾಗ ತೆಗೆದಳು. ಇದು ನಿನ್ನ ಸಂಶೋಧನೆಗಲ್ಲ, ಮೈಥಿಲಿ, ನಿನಗೆ ಬರೆಯುತ್ತಿರುವುದು. ನಿನಗೆ ಆದ ನಷ್ಟಕ್ಕೆ ನಾನೇ ಕಾರಣ, ಅದನ್ನು ಒಪ್ಪಿಕೊಂಡಿದ್ದೇನೆ. ಪರ್ತಿನಲ್ಲಿ ಸ್ಪ್ಯಾನಿಶ್ ಆಡುವ ಎರಡು ಕುಟುಂಬಗಳ ವಿಳಾಸ ಹುಡುಕುತ್ತಿದ್ದೇನೆ. ಅವರು ಒಪ್ಪಿದರೆ ಸಹಿ ಅವರದೇ ಇರುತ್ತದೆ.

ಎಲ್ರೊಯ್ ಮೊನ್ನೆ ಎಲ್ವಿರಾರನ್ನು ಪರ್ತಿಗೆ ಕರೆದ, ಚಳಿಗಾಲ ಮುಗಿಯುವವರೆಗಾದರೂ ಬನ್ನಿ ಎಂದು. ಹೊಲಿಗೆ ಕೆಲಸ ಬಿಟ್ಟು ಹೇಗೆ ಬರಲಿ ಅಂದರು. ಮೆಶಿನ್ನೂ ಬರಲಿ ಅಂದ. ನಾಳೆ ನಾಲ್ಕೂ ಜನ ಹೊರಡುತ್ತೇವೆ.

ಈಗ ಅವನು ಹಜಾರದ ನೆಲದ ಮೇಲೆ ಕೂತು ಮೆಶಿನ್ನನ್ನು ರಟ್ಟಿನ ಪೆಟ್ಟಿಗೆಗೆ ಕಟ್ಟುತ್ತಿದ್ದಾನೆ. ಇನೆಸ್ ಎದುರಿಗೆ ನಿಂತು ಹಗ್ಗ ಹಿಡಿ, ಎಳೆ, ಬಿಡು ಎಂದು ಸ್ಪ್ಯಾನಿಶಿನಲ್ಲಿ ಅಪ್ಪಣೆ ಮಾಡುತ್ತಿದ್ದಾಳೆ. ಅವನಿಗೆ ಒಂದೂ ತಿಳಿಯುವುದಿಲ್ಲ. ಪ್ರತಿಸಲ ತಲೆಯೆತ್ತಿ ಏನದು ಎಂದು ಕೇಳುತ್ತಾನೆ. ಅವಳು ಸಿಡುಕದೆ, ಇನ್ನೂ ನಿಧಾನವಾಗಿ, ಮತ್ತೊಮ್ಮೆ ಹೇಳುತ್ತಾಳೆ.

ನಿನ್ನ ಟೀಚರ್,
ಕ್ಲೋಟಿಲ್ಡಾ